ಡೆಬಿಯನ್‌ನಲ್ಲಿ /ಲಿಬ್ ಜಾಗ ಬದಲಾಯಿಸಿತು: ಹಳೇ ಬಳಕೆದಾರನ ವಿಮರ್ಶೆ

ನಾನು ಬಳಸುವುದು ಡೆಬಿಯನ್ ಅನ್ನುವ ಲಿನಕ್ಸ್ ಆಪರೇಟಿಂಗ್ ಸಿಸ್ಟಂ. ಯಾವುದಾದರೂ ಪ್ರೋಗ್ರಾಂ ಕೈಕೊಟ್ಟರೆ ಮೊದಲು ಅದರ ಮೇಲೆ ಎಲ್‌ಡಿಡಿ ಅನ್ನುವ ಕಮಾಂಡ್ ಓಡಿಸುತ್ತೇನೆ. ಅದಕ್ಕೆ ಬೇಕಾದ ಲೈಬ್ರರಿಗಳೆಲ್ಲ (ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡ್ ಫೈಲ್‌ಗಳು) ಸಾಲಾಗಿ ಬರುತ್ತವೆ, ಪ್ರತಿಯೊಂದೂ ಎಲ್ಲಿದೆ ಅನ್ನುವ ದಾರಿ (ಪಾತ್) ಸಮೇತ. ಅನುಮಾನದ ಸಾಲಿನಲ್ಲಿರುವ ದಾರಿಯನ್ನು ಮೌಸ್‌ನಲ್ಲಿ ಎಳೆದು ಹಿಡಿದು, ಡಿಪಿಕೆಜಿ -ಎಸ್ (ದೊಡ್ಡಕ್ಷರದ ಎಸ್) ಅಂತ ಟೈಪ್ ಮಾಡಿ, ಮೌಸ್‌ನ ನಡುವಿನ ಬಟನ್ ಒತ್ತಿ ಅಂಟಿಸುತ್ತೇನೆ. ಆ ಫೈಲ್ ಯಾವ ಪ್ಯಾಕೇಜಿನದು, ಅಂದರೆ ಯಾವ ಸಾಫ್ಟ್‌ವೇರ್ ಕಟ್ಟಿನ ಜೊತೆ ಬಂದದ್ದು ಅಂತ ತಕ್ಷಣ ಗೊತ್ತಾಗುತ್ತದೆ. ವರ್ಷಗಟ್ಟಲೆ ಬೆರಳಿಗೆ ಅಂಟಿದ ಅಭ್ಯಾಸ ಇದು. ಡೆಬಿಯನ್ 12 ಇದನ್ನೇ ಕೆಡಿಸಿತು.

12 ಬಂದಿದ್ದು 2023ರ ಜೂನ್‌ನಲ್ಲಿ. ಅದರಲ್ಲಿ ಪ್ರೋಗ್ರಾಂ, ಲೈಬ್ರರಿಗಳಿದ್ದ /ಬಿನ್, /ಎಸ್‌ಬಿನ್, /ಲಿಬ್ ಫೋಲ್ಡರ್‌ಗಳೆಲ್ಲ ಬರೀ ಸಿಮ್‌ಲಿಂಕ್, ಅಂದರೆ ಬೇರೆ ಜಾಗಕ್ಕೆ ಕೈತೋರಿಸುವ ಹೆಸರು ಮಾತ್ರ. ನಿಜವಾದ ಫೈಲ್‌ಗಳು /ಯುಎಸ್‌ಆರ್ ಒಳಗೆ. ಹೊಸದಾಗಿ ಹಾಕಿಕೊಂಡವರಿಗೆ 2019ರ ಡೆಬಿಯನ್ 10ರಿಂದಲೇ ಹೀಗಿತ್ತು. ನಾನು ಹಳೇದನ್ನೇ ಅಪ್‌ಗ್ರೇಡ್ ಮಾಡಿಕೊಂಡು ಬಂದವನು, ಹಾಗಾಗಿ ನನಗೆ 12ರಲ್ಲಿ ಸಿಕ್ಕಿತು. ಬದಲಾವಣೆಯ ಕೆಲಸ ಮಾತ್ರ ಸಲೀಸು. ಇದಕ್ಕೆಂದೇ ಇರುವ ಯುಎಸ್‌ಆರ್‌ಮರ್ಜ್ ಪ್ಯಾಕೇಜ್ ಸದ್ದಿಲ್ಲದೆ ಮುಗಿಸಿತು, ರೀಬೂಟ್ ಕೂಡ ಸರಿಯಾಯಿತು. 2012ರಲ್ಲಿ ಆರ್ಚ್ ಅನ್ನುವ ಇನ್ನೊಂದು ಲಿನಕ್ಸ್‌ನವರು /ಲಿಬ್ ಸರಿಸಿದಾಗ, ಹೇಳಿದ ಕ್ರಮ ಬಿಟ್ಟು ಫೋರ್ಸ್ ಆಯ್ಕೆ ಹಾಕಿದವರ ಮಷಿನ್‌ನಲ್ಲಿ ಫೈಲ್ ಪಟ್ಟಿ ತೋರಿಸುವ ಎಲ್‌ಎಸ್ ಕೂಡ ಓಡುತ್ತಿರಲಿಲ್ಲ. ಅಂಥದ್ದೇನೂ ಇಲ್ಲಿ ಆಗಲಿಲ್ಲ.

ಕಿರಿಕಿರಿ ಶುರುವಾಗಿದ್ದು ಆಮೇಲೆ. ಎಲ್‌ಡಿಡಿ ಎಲ್ಲ ಲೈಬ್ರರಿಗೂ /ಲಿಬ್ ಅಂತಲೇ ದಾರಿ ತೋರಿಸುತ್ತದೆ. ಆದರೆ ಡಿಪಿಕೆಜಿಗೆ ಪ್ಯಾಕೇಜಿನೊಳಗೆ ಬರೆದಿರುವ ದಾರಿ ಮಾತ್ರ ಗೊತ್ತು. ನಡುವೆ ಸಿಮ್‌ಲಿಂಕ್ ಇದೆ ಅನ್ನುವುದು ಅದರ ಲೆಕ್ಕಕ್ಕೇ ಇಲ್ಲ. ಪ್ರಿಂಟಿಂಗ್‌ಗೆ ಬೇಕಾದ ಕಪ್ಸ್ ಲೈಬ್ರರಿಯ ಪ್ಯಾಕೇಜಿನಲ್ಲಿ /ಯುಎಸ್‌ಆರ್/ಲಿಬ್ ಅಂತ ಇದೆ, ಹಾಗಾಗಿ /ಲಿಬ್ ಅಂತ ಕೇಳಿದರೆ ‘ಅಂಥ ಫೈಲೇ ಇಲ್ಲ’ ಅನ್ನುತ್ತದೆ. ಸರಿ, ಸಿಮ್‌ಲಿಂಕ್ ಬಿಡಿಸುವ ರಿಯಲ್‌ಪಾತ್ ಕಮಾಂಡ್ ಹಾಕಿ ನಿಜವಾದ ದಾರಿಯನ್ನೇ ಕೊಡೋಣ ಅಂದರೆ, ಆಗ ಬಹುತೇಕ ಎಲ್ಲ ಪ್ರೋಗ್ರಾಂಗೂ ಬೇಕಾದ ಲಿಬ್‌ಸಿ ಲೈಬ್ರರಿ ಸಿಗುವುದಿಲ್ಲ. ಯಾಕೆಂದರೆ ಅದರ ಪ್ಯಾಕೇಜಿನಲ್ಲಿ ಇನ್ನೂ ಹಳೇ /ಲಿಬ್ ದಾರಿಯೇ ಇದೆ! ಮನೆ ಬದಲಾಯಿಸಿದವರಲ್ಲಿ ಅರ್ಧ ಜನ ಮಾತ್ರ ರೇಷನ್ ಕಾರ್ಡ್ ತಿದ್ದಿಸಿಕೊಂಡ ಹಾಗೆ.

ಇದನ್ನು ಬೇಗ ಸರಿಮಾಡಲಿಲ್ಲ ಅಂತ ಬೈಯುವಂತೆಯೂ ಇಲ್ಲ. ಒಂದು ಫೈಲ್ ಪ್ಯಾಕೇಜನ್ನೂ ಬದಲಾಯಿಸಿ, ಅದೇ ಹೊತ್ತಿಗೆ /ಲಿಬ್‌ನಿಂದ /ಯುಎಸ್‌ಆರ್/ಲಿಬ್‌ಗೂ ಹೋದರೆ, ಅಪ್‌ಗ್ರೇಡ್ ವೇಳೆ ಡಿಪಿಕೆಜಿ ಹೊಸ ಫೈಲನ್ನೇ ಅಳಿಸಿಬಿಡುವ ಅಪಾಯ ಇತ್ತು. ಅದಕ್ಕೇ 12 ಬರುವವರೆಗೂ ಯಾರೂ ಫೈಲ್ ಸರಿಸಬೇಡಿ ಅಂತ ಡೆಬಿಯನ್‌ನ ತಾಂತ್ರಿಕ ಸಮಿತಿ ತಡೆ ಹಾಕಿತ್ತು. ಗೊತ್ತಿದ್ದರೂ ಸಿಟ್ಟು ಬರುತ್ತೆ, ಅಲ್ವಾ?

ಆದರೂ ನಾನು ಡೆಬಿಯನ್ ಬಿಡದಿರುವುದಕ್ಕೆ ಕಾರಣವೂ ಇಂಥದ್ದೇ ಇನ್ನೊಂದು ಬದಲಾವಣೆ. ಮನೆಯಲ್ಲೇ ಲಗ್ನಪತ್ರಿಕೆ, ಬಿಲ್ ಬುಕ್ ಡಿಟಿಪಿ ಮಾಡುತ್ತೇನೆ. ನನ್ನ ಹಳೇ ಲೇಸರ್ ಪ್ರಿಂಟರ್‌ಗೆ ಕಂಪನಿ ಕೊಟ್ಟಿದ್ದು 32 ಬಿಟ್ ಡ್ರೈವರ್ ಮಾತ್ರ. 64 ಬಿಟ್ ಮಷಿನ್‌ನಲ್ಲಿ ಅದನ್ನು ಓಡಿಸಿದರೆ, ಫೈಲ್ ಕಣ್ಣೆದುರೇ ಇದ್ದರೂ ‘ಫೈಲ್ ಇಲ್ಲ’ ಅನ್ನುತ್ತಿತ್ತು. ನಿಜವಾಗಿ ಇಲ್ಲದಿದ್ದದ್ದು ಪ್ರೋಗ್ರಾಂಗೆ ಲೈಬ್ರರಿ ಜೋಡಿಸಿ ಓಡಿಸುವ 32 ಬಿಟ್ ಲೋಡರ್. ಮೊದಲೆಲ್ಲ ಇದಕ್ಕೆ ಐಎ32-ಲಿಬ್ಸ್ ಅನ್ನುವ, 32 ಬಿಟ್ ಲೈಬ್ರರಿಗಳ ಭಾರೀ ಮೂಟೆ ಹಾಕಬೇಕಿತ್ತು. 2013ರ ಡೆಬಿಯನ್ 7ರಲ್ಲಿ ಎರಡೂ ಬಗೆಯ ಲೈಬ್ರರಿ ಒಟ್ಟಿಗೆ ಇಡುವ ಮಲ್ಟಿಆರ್ಚ್ ವ್ಯವಸ್ಥೆ ಬಂತು. 64 ಬಿಟ್ ಲೈಬ್ರರಿಗೆ ಒಂದು ಫೋಲ್ಡರ್, 32 ಬಿಟ್‌ಗೆ ಐ386-ಲಿನಕ್ಸ್-ಗ್ನು ಅಂತ ಇನ್ನೊಂದು. ಬೇಕಾದ ಲೈಬ್ರರಿ ಮಾತ್ರ ಹಾಕಿಕೊಂಡರೆ ಸಾಕು. ಫೋಲ್ಡರ್ ಹೆಸರು ಉದ್ದ, ನಿಜ. ಆದರೆ ಎರಡಕ್ಷರ ಹೊಡೆದು ಟ್ಯಾಬ್ ಒತ್ತಿದರೆ ಉಳಿದದ್ದು ತಾನೇ ತುಂಬಿಕೊಳ್ಳುತ್ತದೆ. ಹೊಸ ಪ್ರಿಂಟರ್ ದುಡ್ಡು ಉಳಿಯಿತು, ಅಷ್ಟು ಸಾಕು ನನಗೆ.

ಈಗ 13ರಲ್ಲಿದ್ದೇನೆ. 2025ರ ಆಗಸ್ಟ್‌ನಲ್ಲಿ ಬಂದಿದ್ದು. ಪ್ಯಾಕೇಜ್‌ಗಳ ಒಳಗಿನ ದಾರಿಗಳೂ ಕೊನೆಗೆ /ಯುಎಸ್‌ಆರ್‌ಗೆ ಬಂದಿವೆ. ರಿಯಲ್‌ಪಾತ್ ಮತ್ತು ಡಿಪಿಕೆಜಿ -ಎಸ್ ಸೇರಿಸಿ, ಕಮಾಂಡ್ ಓಡಿಸುವ ಬ್ಯಾಷ್‌ನಲ್ಲಿ ‘ಯಾರದು’ ಅಂತ ಒಂದು ಫಂಕ್ಷನ್ ಬರೆದುಕೊಂಡಿದ್ದೇನೆ. ಲಿಬ್‌ಸಿ ಕೇಳಿದರೂ ಕಪ್ಸ್ ಕೇಳಿದರೂ ಸರಿಯಾದ ಉತ್ತರ ಬರುತ್ತದೆ. ದಿನಾ ಸುಮ್ನೆ ಒಂದೆರಡು ಫೈಲ್ ಕೇಳಿ ನೋಡುವ ಚಟ ಬೇರೆ ಹತ್ತಿದೆ. 32 ಬಿಟ್ ಮಷಿನ್‌ಗಳಿಗೆ ಇನ್‌ಸ್ಟಾಲರ್, ಕರ್ನಲ್ (ಸಿಸ್ಟಂನ ತಿರುಳು) ನಿಲ್ಲಿಸಿದ್ದಾರೆ, ಆದರೆ 64 ಬಿಟ್ ಮೇಲೆ ಹಳೇ ಪ್ರೋಗ್ರಾಂ ಓಡಿಸಲು 32 ಬಿಟ್ ಲೈಬ್ರರಿಗಳನ್ನು ಉಳಿಸಿದ್ದಾರೆ. ಪ್ರಿಂಟರ್ ಬಚಾವ್.

ಐದಕ್ಕೆ ನಾಲ್ಕು ಕೊಡುತ್ತೇನೆ, 12ರಲ್ಲಿದ್ದಾಗ ಕೇಳಿದ್ದರೆ ಎರಡು. ಅಪ್‌ಗ್ರೇಡ್ ಮಾಡದೆ ಇನ್ನೂ 12ರಲ್ಲೇ ಇರುವವರು ಡಿಪಿಕೆಜಿ -ಎಸ್‌ಗೆ ದಾರಿ ಬಿಟ್ಟು ಫೈಲಿನ ಹೆಸರನ್ನಷ್ಟೇ ಕೊಡಿ. ಸಾಲು ಜಾಸ್ತಿ ಬಂದರೂ ಬೇಕಾದದ್ದು ಅದರಲ್ಲೇ ಇರುತ್ತದೆ.