ಕಿಟಕಿ ಹಾಕಿಸುವ ಮುಂಚೆ ನಾವು ಮಾಡದೆ ಬಿಟ್ಟ ಕೆಲಸಗಳು: ಕೊಡಗಿನವರು ದಯವಿಟ್ಟು ಓದಿ

ಮಳೆಗಾಲದ ಒಳಗೆ ಮನೆಗೆ ಹೊಸ ಕಿಟಕಿ ಬಾಗಿಲು ಹಾಕಿಸಿಬಿಡೋಣ ಅಂತ ಯಾರಾದರೂ ಓಡಾಡುತ್ತಿದ್ದರೆ ಇದನ್ನು ಪೂರ್ತಿ ಓದಿ. ಹೋದ ವರ್ಷ ನಮಗೆ ಆಗಿದ್ದು ಇನ್ನೊಬ್ಬರಿಗೆ ಆಗುವುದು ಬೇಡ.

ನಮ್ಮದು ಗೋಣಿಕೊಪ್ಪದ ಹತ್ತಿರ ತೋಟದೊಳಗಿನ ಮನೆ. 40 ವರ್ಷದ ಹಿಂದೆ ಮಾವ ಕಟ್ಟಿಸಿದ್ದು. ಮರದ ಚೌಕಟ್ಟುಗಳಿಗೆ ಗೆದ್ದಲು ಹಿಡಿದಿತ್ತು. ಜುಲೈ ಬಂತೆಂದರೆ ಕದಗಳು ಉಬ್ಬಿ ಮುಚ್ಚುತ್ತಲೇ ಇರಲಿಲ್ಲ. ಕಾಫಿ ದುಡ್ಡು ಕೈಗೆ ಬಂದ ಮೇಲೆ, ಮಾರ್ಚ್‌ನಲ್ಲಿ, ಏಳು ಕಿಟಕಿ ಮತ್ತು ಹಿಂಬಾಗಿಲಿಗೆ ಯುಪಿವಿಸಿ, ಅಂದರೆ ಗಟ್ಟಿ ಪ್ಲಾಸ್ಟಿಕ್ ಫ್ರೇಮಿನವು, ಆರ್ಡರ್ ಕೊಟ್ಟೆವು. ಅರ್ಧ ದುಡ್ಡು ಅಡ್ವಾನ್ಸ್. ನಾಲ್ಕು ವಾರ ಅಂದವರು ಬಂದಿದ್ದು ಮೇ 26ಕ್ಕೆ. ಅವತ್ತೇ ಬೇಡ ಅನ್ನಬೇಕಿತ್ತು. ಜೂನ್ ಮೊದಲ ವಾರ ಅಂದರೆ ನಮ್ಮಲ್ಲಿ ಮಳೆ ಕೂತೇ ಬಿಡುತ್ತದೆ ಅಂತ ನಮಗೆ ಗೊತ್ತಿರಲಿಲ್ಲವೇ? ಆದರೆ ಎರಡು ತಿಂಗಳು ಕಾದು ಸಾಕಾಗಿತ್ತು, ಬಂದರಲ್ಲ ಸದ್ಯ ಅಂತ ಒಪ್ಪಿಕೊಂಡೆವು.

ಬೆಳಿಗ್ಗೆ ಒಂಬತ್ತಕ್ಕೆ ನಾಲ್ಕು ಹುಡುಗರು ಬಂದರು. ಒಳಗೆ ಕಾಲಿಟ್ಟ ಕೂಡಲೇ ಒಬ್ಬ ಕೇಳಿದ, "ಅಕ್ಕಾ, ಕಿಟಕಿ ಹತ್ರ ಖಾಲಿ ಮಾಡಿಲ್ವಾ?" ಮಾಡಿರಲಿಲ್ಲ. ಮಾಡಬೇಕು ಅಂತ ಯಾರೂ ಹೇಳಿರಲೂ ಇಲ್ಲ. ಮಾವನ ಮಂಚ ಕಿಟಕಿಗೆ ಒತ್ತಿಕೊಂಡೇ ಇತ್ತು, ಇನ್ನೊಂದು ರೂಮಿನಲ್ಲಿ ಬಟ್ಟೆ ತುಂಬಿದ ಬೀರು, ಅಡುಗೆಮನೆ ಕಿಟಕಿ ಕೆಳಗೆ ಮಿಕ್ಸಿ, ಡಬ್ಬಗಳು, ಎಲ್ಲ ಕಡೆ ಪರದೆ. ಅದನ್ನೆಲ್ಲ ಎಳೆದು ಸರಿಸುವುದರಲ್ಲಿ ಹನ್ನೊಂದೂವರೆ. ಅಷ್ಟು ಹೊತ್ತು ಅವರು ಸುಮ್ನೆ ನಿಂತಿದ್ದರು. ಆಮೇಲೆ ಶುರುವಾಯಿತು ನೋಡಿ ಅವಸರ. ಸಂಜೆ ಒಳಗೆ ಮುಗಿಸಬೇಕು ಅಂತ ಏಳೂ ಕಿಟಕಿ, ಹಿಂಬಾಗಿಲು, ಎಲ್ಲವನ್ನೂ ಒಟ್ಟಿಗೆ ಕಿತ್ತುಬಿಟ್ಟರು. ಇದೊಂದು ನಿಮ್ಮ ಮನೆಯಲ್ಲಿ ಆಗಲು ಬಿಡಬೇಡಿ. ಒಂದು ಕಿತ್ತು, ಒಂದು ಕೂರಿಸಿ, ಆಮೇಲೆ ಮುಂದಿನದು. ಹಾಗೇ ಮಾಡಿ ಅಂತ ಮೊದಲೇ ಹೇಳಿ, ಬರೆಸಿಕೊಳ್ಳಿ.

ಹಳೇ ಚೌಕಟ್ಟಿಗೆ ಗೋಡೆಯೊಳಗೆ ಹೋಲ್ಡ್‌ಫಾಸ್ಟ್ ಇರುತ್ತದೆ, ಕಬ್ಬಿಣದ ಪಟ್ಟಿ. ಚೌಕಟ್ಟು ಎಳೆದರೆ ಅದರ ಜೊತೆ ಗೋಡೆಯೂ ಬರುತ್ತದೆ. ನಮ್ಮ ಎರಡು ಕಿಟಕಿಗಳಲ್ಲಿ ಇಟ್ಟಿಗೆ ಉದುರಿ ಒಂದು ಬದಿ ಎರಡು ಇಂಚು ಅಗಲವಾಯಿತು. ಇನ್ನೊಂದರಲ್ಲಿ ಉಲ್ಟಾ, ಹೊಸ ಫ್ರೇಮೇ ಒಂದು ಇಂಚು ಉದ್ದ. ಅಳತೆಗೆ ಬಂದವನು ಚೌಕಟ್ಟು ಇದ್ದಂತೆಯೇ ಟೇಪ್ ಹಿಡಿದು ಹೋಗಿದ್ದ, ಒಳಗೆ ನಿಜವಾದ ಜಾಗ ಎಷ್ಟಿದೆ ಅಂತ ಒಂದು ಮೂಲೆ ಗಾರೆಯನ್ನೂ ಕೆತ್ತಿ ನೋಡಿರಲಿಲ್ಲ. ಗಾರೆಯವರನ್ನು ಕರೆಸಿ ಅಂದರೆ, "ಸಿವಿಲ್ ಕೆಲಸ ನಿಮ್ಮದು, ಕೊಟೇಶನ್‌ನಲ್ಲಿದೆ ನೋಡಿ" ಅಂದರು. ನೋಡಿದರೆ ಹೌದು, ಕೊನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿದೆ. ಗಾರೆ ಕೆಲಸ, ಕರೆಂಟು, ಮೇಲಿನ ಕಿಟಕಿಗೆ ಸಾರುವೆ, ಎಲ್ಲ ಮನೆಯವರದ್ದೇ. ಅದನ್ನು ಮಾರ್ಚ್‌ನಲ್ಲೇ ಓದಿದ್ದರೆ ಒಬ್ಬ ಗಾರೆಯವರನ್ನು ಅವತ್ತಿಗೆ ಹೇಳಿಟ್ಟುಕೊಳ್ಳಬಹುದಿತ್ತು. ಮಳೆಗೆ ಮುಂಚೆ ಎಲ್ಲರ ಮನೆಯಲ್ಲೂ ರಿಪೇರಿ, ಆ ಹೊತ್ತಿಗೆ ಫೋನ್ ಮಾಡಿದರೆ ಯಾರು ಸಿಗುತ್ತಾರೆ?

ಮಧ್ಯಾಹ್ನ ಅಡುಗೆಮನೆ ಕಿಟಕಿ ಪಕ್ಕ ಕಟ್ಟಿಂಗ್ ಮೆಷಿನ್ ಇಟ್ಟಾಗ ಗೋಡೆಯೊಳಗಿನ ವೈರು ಕತ್ತರಿಸಿಹೋಯಿತು. ಮನೆಯೆಲ್ಲ ಕತ್ತಲೆ. ಹುಡುಗನಿಗೆ ಶಾಕ್ ಹೊಡೆಯಲಿಲ್ಲ, ಅದು ದೇವರ ದಯೆ. ಸ್ವಿಚ್ ಬೋರ್ಡ್ ಕಿಟಕಿ ಪಕ್ಕದಲ್ಲಿದ್ದರೆ ವೈರು ಯಾವ ಕಡೆಯಿಂದ ಬಂದಿದೆ ಅಂತ ಎಲೆಕ್ಟ್ರಿಷಿಯನ್‌ಗೆ ತೋರಿಸಿ, ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿಸಿಡಿ. ಮೂರೂವರೆಗೆ ಗುಡುಗು, ಮಳೆ. ಕಾಫಿ ಒಣಗಿಸುವ ಟಾರ್ಪಾಲುಗಳನ್ನೆಲ್ಲ ತಂದು ಕಟ್ಟಿದೆವು. ನಾಲ್ಕು ಕಿಟಕಿ ಕೂರಿಸಿ ಹುಡುಗರು ಮೈಸೂರಿಗೆ ಹೊರಟರು. ಹಿಂಬಾಗಿಲು ಕೂರಲಿಲ್ಲ.

ತೋಟದ ಮಧ್ಯೆ ಬಾಗಿಲಿಲ್ಲದ ಮನೆಯಲ್ಲಿ ರಾತ್ರಿ ಕಳೆಯುವುದು ಏನು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಪ್ಲೈವುಡ್ ಅಡ್ಡ ಇಟ್ಟು, ಅದಕ್ಕೆ ಗ್ಯಾಸ್ ಸಿಲಿಂಡರ್ ಒತ್ತಿಟ್ಟು, ಅತ್ತೆ ಟಾರ್ಚ್ ಹಿಡಿದು ಬೆಳಗಾಗುವವರೆಗೆ ಕೂತಿದ್ದರು. ಮಾವನಿಗೆ ಆಸ್ತಮಾ. ಆ ಧೂಳಿಗೆ ಎರಡು ದಿನ ಉಸಿರಾಡಲು ಒದ್ದಾಡಿದರು. ಮನೆಯಲ್ಲಿ ವಯಸ್ಸಾದವರು, ಚಿಕ್ಕ ಮಕ್ಕಳು ಇದ್ದರೆ ಆ ದಿನ ನೆಂಟರ ಮನೆಗೆ ಕಳಿಸಿಬಿಡಿ. ನಾನು ಕಳಿಸದಿದ್ದಕ್ಕೆ ಇವತ್ತಿಗೂ ಸಂಕಟವಾಗುತ್ತದೆ.

ಕಿಟಕಿ ಹುಡುಗರು ಮತ್ತೆ ಬಂದಿದ್ದು 11 ದಿನದ ಮೇಲೆ, ಸುರಿಯುವ ಮಳೆಯಲ್ಲಿ. ಒದ್ದೆ ಗೋಡೆಗೇ ಸಿಲಿಕಾನ್, ಅಂದರೆ ಫ್ರೇಮು ಗೋಡೆ ನಡುವಿನ ಸಂದಿ ಮುಚ್ಚುವ ಅಂಟು, ಬಳಿದು ಹೋದರು. ಒದ್ದೆ ಗೋಡೆಗೆ ಸಿಲಿಕಾನ್ ಹಿಡಿಯುವುದಿಲ್ಲ. ತಿಂಗಳೊಳಗೆ ಪಟ್ಟಿ ಪಟ್ಟಿಯಾಗಿ ಕಿತ್ತು ಬಂತು.

ಇನ್ನೊಂದು ವಿಷಯ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಸ್ಲೈಡಿಂಗ್ ಕಿಟಕಿಯ ಕೆಳಗಿನ ಫ್ರೇಮಿನಲ್ಲಿ ಹೊರಗಡೆಗೆ ಸಣ್ಣ ಸಣ್ಣ ತೂತುಗಳಿರುತ್ತವೆ. ಗಾಳಿಮಳೆಗೆ ಟ್ರ್ಯಾಕ್‌ನಲ್ಲಿ ತುಂಬುವ ನೀರು ಅದರಿಂದ ಹೊರಗೆ ಹೋಗಬೇಕು. ಆಮೇಲೆ ಸಿಕ್ಕಿದ ಗಾರೆಯವರು ಹೊರಗಿನಿಂದ ಫಿನಿಶಿಂಗ್ ಮಾಡುವಾಗ ಸಿಮೆಂಟ್ ಮೆತ್ತಿ ಆ ತೂತುಗಳನ್ನೇ ಮುಚ್ಚಿದ್ದರು. ಜುಲೈನಲ್ಲಿ ನೀರು ಒಳಗಡೆಗೆ ನಲ್ಲಿ ಬಿಟ್ಟ ಹಾಗೆ ಇಳಿಯುತ್ತಿತ್ತು. ಸಿಲಿಕಾನ್ ಸರಿ ಇಲ್ಲ ಅಂದುಕೊಂಡು ಮೂರು ಟ್ಯೂಬ್ ತಂದು ಹಾಕಿದೆವು, ಪ್ರಯೋಜನವಾಗಲಿಲ್ಲ. ಮಡಿಕೇರಿಯಿಂದ ಬಂದ ಭಾವ ನೋಡಿ, ಸ್ಕ್ರೂಡ್ರೈವರ್‌ನಲ್ಲಿ ಸಿಮೆಂಟ್ ಕೆರೆದು ತೆಗೆದರು. ಅರ್ಧ ಗಂಟೆಯ ಕೆಲಸ. ನೀರು ಬರುವುದು ಮುಕ್ಕಾಲು ಪಾಲು ನಿಂತಿತು. ಕಿಟಕಿ ಕೂರಿಸಿದ ಮೇಲೆ ಒಂದು ಚೊಂಬು ನೀರು ಟ್ರ್ಯಾಕ್‌ಗೆ ಹುಯ್ದು ನೋಡಿ. ಹೊರಗೆ ಹರಿದುಹೋದರೆ ಸರಿ. ಹಾಗೇ ಸಿಲ್, ಅಂದರೆ ಕಿಟಕಿ ಕೆಳಗಿನ ಕಟ್ಟೆ, ಹೊರಗಡೆಗೆ ಸ್ವಲ್ಪ ಇಳಿಜಾರಾಗಿದೆಯಾ ಅಂತಲೂ ನೋಡಿ. ಇದೆಲ್ಲ ನೋಡಿ ಆದ ಮೇಲೇ ಬಾಕಿ ದುಡ್ಡು ಕೊಡಿ. ನಾವು ಮೊದಲ ದಿನವೇ ಕೊಟ್ಟುಬಿಟ್ಟಿದ್ದೆವು, ಆಮೇಲೆ ಅವರು ಫೋನ್ ಎತ್ತಿದ್ದು ಕಡಿಮೆ.

ಮುಂದಿನ ರೂಮುಗಳ ಕಿಟಕಿ ಇನ್ನೂ ಹಳೆಯವೇ. ಅದನ್ನು ಜನವರಿಗೆ ಇಟ್ಟುಕೊಂಡಿದ್ದೇವೆ, ಗೋಡೆ ಒಣಗಿರುತ್ತದೆ, ಗಾರೆಯವರಿಗೂ ಈಗಲೇ ಹೇಳಿಯಾಗಿದೆ. ನೀವು ಮೇ ತಿಂಗಳ ಡೇಟ್ ತೆಗೆದುಕೊಂಡಿದ್ದರೆ ಇವತ್ತೇ ಫೋನ್ ಮಾಡಿ ಮುಂದಕ್ಕೆ ಹಾಕಿಸಿ. ಅಡ್ವಾನ್ಸ್ ಕೊಟ್ಟಿದ್ದರೂ ಪರವಾಗಿಲ್ಲ, ಹಾಕಿಸಿ.