ಮೋಟಾರಿನ ಸದ್ದು ಹಿಡಿಯೋಕೆ ಫೋನೋ, ಪೀಜೋ ಬಿಲ್ಲೆಯೋ?

ದಾವಣಗೆರೆಯಲ್ಲಿ ನಮ್ಮ ಮಾವನ ರಿವೈಂಡಿಂಗ್ ಅಂಗಡಿ ಇದೆ. ಓಡುವ ಮೋಟಾರಿನ ಎಂಡ್ ಕವರಿಗೆ ಸ್ಕ್ರೂಡ್ರೈವರ್ ತುದಿ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟು, 'ಬೇರಿಂಗ್ ಹೋಗೈತಿ' ಅಂತ ಮಾವ ಹೇಳಿದರೆ ಮುಗೀತು. ಬಿಚ್ಚಿ ನೋಡಿದಾಗ ಅದು ಹೋಗಿಯೇ ಇರುತ್ತದೆ. ಆ ಕಿವಿಯನ್ನು ಕಂಪ್ಯೂಟರಿಗೆ ಕೊಡೋಕೆ ಆಗುತ್ತಾ ಅಂತ ಎರಡು ತಿಂಗಳು ಪ್ರಯತ್ನಿಸಿದೆ. ತೆಗೆದುಕೊಂಡದ್ದು ಬರೀ ಎರಡು ಎಚ್‌ಪಿ, ತ್ರೀ ಫೇಸ್ ಮೋಟಾರುಗಳು. ಎಲ್ಲದರಲ್ಲೂ 6205 ಅನ್ನೋ ನಂಬರಿನ ಬೇರಿಂಗ್.

ಮೊದಲು ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಸುಲಭ, ಆದರೆ ನಂಬೋಕಾಗಲ್ಲ. ಫೋನು ಇರೋದು ಮಾತು ಕೇಳೋಕೆ. ಒಂದೇ ಸಮ ಬರುವ ಗುಂಯ್ ಸದ್ದನ್ನು ಅದು ಗಲಾಟೆ ಅಂದುಕೊಂಡು ತಾನೇ ಅದುಮಿಬಿಡುತ್ತದೆ. ನಮಗೆ ಬೇಕಾದದ್ದೇ ಆ ಗುಂಯ್, ಅಲ್ವಾ? ಪಕ್ಕದ ಅಂಗಡಿಯಲ್ಲಿ ಗ್ರೈಂಡರ್ ಶುರುವಾದರಂತೂ ಆ ರೆಕಾರ್ಡಿಂಗ್ ಎಸೆಯಬೇಕು.

ಆಮೇಲೆ ಪೀಜೋ ಬಿಲ್ಲೆ, ಅಂದರೆ ಅದುರಿದರೆ ಸಣ್ಣ ವೋಲ್ಟೇಜ್ ಹುಟ್ಟಿಸುವ ಬಿಲ್ಲೆ. ರೂಪಾಯಿ ನಾಣ್ಯದಷ್ಟಗಲದ ಹಿತ್ತಾಳೆ ಬಿಲ್ಲೆ, ಬೆಲೆಯೂ ತೀರಾ ಕಡಿಮೆ. ಬೇರಿಂಗಿನ ನೇರಕ್ಕೆ ಎಂಡ್ ಕವರಿನ ಬಣ್ಣ ಕೆರೆದು, ಬಿಲ್ಲೆ ಅಂಟಿಸಿ, ವೈರನ್ನು ಯುಎಸ್‌ಬಿ ಸೌಂಡ್ ಕಾರ್ಡಿಗೆ ಕೊಟ್ಟೆ. ಸದ್ದು ಗಾಳಿಯಲ್ಲಿ ಬರದೆ ಕಬ್ಬಿಣದಲ್ಲೇ ಬರುತ್ತದೆ. ಮಾವನ ಸ್ಕ್ರೂಡ್ರೈವರ್ ಮಾಡುವ ಕೆಲಸವೂ ಇದೇ.

ಇಲ್ಲಿ ಲೆಕ್ಕ ಕೂಡ ಸರಿಹೊಂದಿತು. ಲೋಡ್ ಇಲ್ಲದೆ ಓಡಿಸಿದರೆ ನಾಲ್ಕು ಪೋಲಿನ ಮೋಟಾರು ನಿಮಿಷಕ್ಕೆ 1490 ಸುತ್ತಿನ ಹತ್ತಿರ ತಿರುಗುತ್ತದೆ. 6205ರ ಒಳಗೆ 9 ಗುಂಡುಗಳಿವೆ. ಹೊರ ರಿಂಗಿನಲ್ಲಿ ಗುಂಡಿ ಬಿದ್ದಿದ್ದರೆ ಒಂದು ಸುತ್ತಿಗೆ ಸುಮಾರು 3.58 ಏಟು, ಅಂದರೆ ಸೆಕೆಂಡಿಗೆ 89ರ ಆಸುಪಾಸು. ಒಂದು ಹಳೇ ಮೋಟಾರಿನ ಸದ್ದಿನ ಏರಿಳಿತವನ್ನಷ್ಟೇ ಬೇರೆ ಮಾಡಿ ಗ್ರಾಫ್ ಹಾಕಿದೆ. 89ರ ಹತ್ತಿರ ಒಂದು ಮೊನೆ, ಅದರ ದುಪ್ಪಟ್ಟಿನಲ್ಲಿ ಇನ್ನೊಂದು. ಬಿಚ್ಚಿದೆವು. ಹೊರ ರಿಂಗಿನಲ್ಲಿ ಅಕ್ಕಿಕಾಳಿನಷ್ಟು ಚಕ್ಕೆ ಎದ್ದಿತ್ತು. ಅವತ್ತು ನನಗಾದ ಖುಷಿ ಅಷ್ಟಿಷ್ಟಲ್ಲ. ಅದೇ ಮೋಟಾರಿನ ಫೋನ್ ರೆಕಾರ್ಡಿಂಗಿನಲ್ಲಿ ಆ ಮೊನೆ ಕಾಣಲೇ ಇಲ್ಲ.

ಇನ್ನು ಮಾಡೆಲ್, ಅಂದರೆ ಸದ್ದಿನಿಂದ ಕಲಿತು ತೀರ್ಪು ಹೇಳುವ ಪ್ರೋಗ್ರಾಂ. ಎರಡು ಥರದ್ದು ನೋಡಿದೆ. ಮೊದಲನೆಯದು ರ‍್ಯಾಂಡಮ್ ಫಾರೆಸ್ಟ್, ಅದಕ್ಕೆ ಒಳ್ಳೆಯದು, ಕೆಟ್ಟದ್ದು ಎರಡನ್ನೂ ತೋರಿಸಿ ಕಲಿಸಬೇಕು. ಮೊದಲ ದಿನ ಹೆಚ್ಚುಕಮ್ಮಿ ಎಲ್ಲ ಉತ್ತರವೂ ಸರಿ ಬಂತು. ತಪ್ಪು ನನ್ನದೇ. ಒಂದೇ ಮೋಟಾರಿನ ರೆಕಾರ್ಡಿಂಗನ್ನು ಎರಡೆರಡು ಸೆಕೆಂಡಿನ ತುಂಡು ಮಾಡಿ, ಅರ್ಧ ಕಲಿಕೆಗೆ, ಅರ್ಧ ಪರೀಕ್ಷೆಗೆ ಹಾಕಿದ್ದೆ. ಅದು ದೋಷ ಕಲಿಯದೆ ಮೋಟಾರಿನ ದನಿ ಗುರುತು ಹಿಡಿಯೋದು ಕಲಿತಿತ್ತು. ಒಂದು ಮೋಟಾರನ್ನು ಕಲಿಕೆಯಿಂದ ಪೂರ್ತಿ ಹೊರಗಿಟ್ಟು, ಅದರಲ್ಲಿ ಪರೀಕ್ಷಿಸಿದಾಗ ಮಾಡೆಲ್ ಫೇಲಾಯಿತು. ಅಮೆರಿಕದ ಕೇಸ್ ವೆಸ್ಟರ್ನ್ ವಿಶ್ವವಿದ್ಯಾಲಯದ ಹೆಸರಾಂತ ಬೇರಿಂಗ್ ದತ್ತಾಂಶದಲ್ಲೂ 6205 ಇದೆ. ಅದರಿಂದ ಕಲಿಸಿದ್ದೂ ಇಲ್ಲಿ ನಡೆಯಲಿಲ್ಲ. ಅಲ್ಲಿನದು ಅದುರುವಿಕೆಯ ಅಳತೆ, ಗುಂಡಿಗಳನ್ನು ಬೇಕಂತಲೇ ವಿದ್ಯುತ್ ಕಿಡಿಯಿಂದ ಕೊರೆದಿದ್ದಾರೆ. ನಮ್ಮಲ್ಲಿ ಬರೋದು ತುಕ್ಕು, ಒಣಗಿದ ಗ್ರೀಸ್, ನೀರು ಇಳಿದ ಬೇರಿಂಗ್.

ಎರಡನೆಯದು ಆಟೋಎನ್‌ಕೋಡರ್, ಅದಕ್ಕೆ ಕಲಿಯೋಕೆ ಒಳ್ಳೆ ಸದ್ದು ಮಾತ್ರ ಸಾಕು. ಅದಕ್ಕೆ ಹೊಂದದ್ದು ಬಂದರೆ ಎಚ್ಚರಿಸುತ್ತದೆ. ರಿಪೇರಿ ಅಂಗಡಿಗೆ ಇದೇ ಸರಿ. ಕೆಟ್ಟದ್ದು ಒಂದೊಂದು ಥರ ಬರುತ್ತದೆ, ಆದರೆ ಹೊಸ ಬೇರಿಂಗ್ ಹಾಕಿದ ಪ್ರತಿ ಮೋಟಾರೂ ಒಳ್ಳೆ ಸದ್ದು ಕೊಟ್ಟೇ ಹೋಗುತ್ತದೆ. ಏನು ಕೆಟ್ಟಿದೆ ಅಂತ ಮಾತ್ರ ಅದು ಹೇಳಲ್ಲ. ವೋಲ್ಟೇಜ್ ಇಳಿದಾಗ ಸುಮ್ನೆ ಕೂಗಿದ್ದೂ ಉಂಟು.

ನನ್ನ ಆಯ್ಕೆ ಪೀಜೋ ಮತ್ತು ಆಟೋಎನ್‌ಕೋಡರ್. ಅದು ಕೂಗಿದರೆ ಗ್ರಾಫ್ ನಾನೇ ನೋಡುತ್ತೇನೆ. ಎರಡರಲ್ಲಿ ಒಂದಕ್ಕೆ ಮಾತ್ರ ಸಮಯ ಇದ್ದರೆ ಮಾಡೆಲ್ ಬಿಟ್ಟು ಬಿಲ್ಲೆ ಸರಿಯಾಗಿ ಅಂಟಿಸಿ. ರೋಟರ್ ಬಾರ್ (ಮೋಟಾರಿನ ತಿರುಗುವ ಭಾಗದೊಳಗಿನ ಲೋಹದ ಪಟ್ಟಿ) ಮುರಿದದ್ದು ಮಾತ್ರ ಇದ್ಯಾವುದಕ್ಕೂ ಸಿಗಲಿಲ್ಲ. ಅದಕ್ಕೆ ಮೋಟಾರಿಗೆ ಲೋಡ್ ಕೊಟ್ಟು, ಕರೆಂಟ್ ಅಳೆದು, 50 ಹರ್ಟ್ಸಿನ ಅಕ್ಕಪಕ್ಕ ಏಳುವ ಸಣ್ಣ ಮೊನೆಗಳನ್ನು ಹುಡುಕಬೇಕು.