ಆಡಿದ ಮಾತು ವಾಪಸ್ ತಗೊಳ್ಳಬಹುದಾ? ವಾಟ್ಸಾಪ್ ಫೋಕಸ್ ಗ್ರೂಪ್, ಐದು ವರ್ಷ ಬಳಸಿದ ಮೇಲೆ

ನನ್ನ ನೋಟ್‌ಬುಕ್‌ನ ಒಂದು ಪುಟದಲ್ಲಿ ಹೀಗೆ ಬರೆದುಕೊಂಡಿದ್ದೇನೆ: "ಬೆಳಗ್ಗೆ 9:20. ಹಿಂದೆ ಕಂಡಕ್ಟರ್ ಸೀಟಿ. ಯಾರೋ ‘ಒಳಗ ಹೋಗ್ರಿ, ಒಳಗ ಹೋಗ್ರಿ’ ಅಂತ ಕೂಗುತ್ತಿದ್ದಾರೆ. ಮಾತು ಅರ್ಧಕ್ಕೆ ನಿಂತಿತು. ‘ಇರ್ರಿ ಅಕ್ಕಾರ, ಬಸ್ ಬಂತು, ಆಮ್ಯಾಲೆ ಹೇಳ್ತೀನಿ.’"

ಇದು ಕುಂದಗೋಳ ಕಡೆಯ ಒಬ್ಬ ಹೆಣ್ಣುಮಗಳು ಕಳಿಸಿದ 22 ಸೆಕೆಂಡಿನ ವಾಯ್ಸ್ ಮೆಸೇಜ್. ಅವರನ್ನು ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ಇಪ್ಪತ್ತು ವರ್ಷ ಹಳ್ಳಿಗಳಲ್ಲಿ ಜನರನ್ನು ಕೂರಿಸಿಕೊಂಡು ಗುಂಪು ಚರ್ಚೆ, ಅಂದರೆ ಫೋಕಸ್ ಗ್ರೂಪ್, ಮಾಡಿಸಿದ್ದೇನೆ. ಆದರೆ ಬಸ್ಸಿನ ಬಗ್ಗೆ ಕೇಳಿದಾಗ ಬಸ್ಸೇ ಬಂದು ಉತ್ತರದಲ್ಲಿ ನಿಂತಿದ್ದು ಇದೇ ಮೊದಲು.

ನಾನು ಧಾರವಾಡದಲ್ಲಿ ಇದ್ದುಕೊಂಡು ಸಣ್ಣ ಸಂಸ್ಥೆಗಳಿಗೆ ಇಂಥ ಸಂಶೋಧನೆ ಮಾಡಿಕೊಡುತ್ತೇನೆ. ಎಷ್ಟು ಜನ ಅನ್ನುವ ಲೆಕ್ಕ ನನ್ನ ಕೆಲಸ ಅಲ್ಲ. ಯಾಕೆ, ಹೇಗೆ ಅಂತ ಕೇಳುವುದು ನನ್ನ ಕೆಲಸ. 2020ರ ಲಾಕ್‌ಡೌನ್‌ನಲ್ಲಿ ಬೇರೆ ದಾರಿ ಇಲ್ಲದೆ ಫೋನಿಗೆ ಬಂದೆ. ಮೊದಲು ವಿಡಿಯೋ ಕಾಲ್‌ನಲ್ಲಿ ಮಾಡಿಸಿದೆ. ಅದರ ಬಗ್ಗೆ ಜಾಸ್ತಿ ಹೇಳಲ್ಲ. ಆರು ಜನರಲ್ಲಿ ಇಬ್ಬರ ಮುಖ ನಿಂತುಬಿಡುತ್ತಿತ್ತು, ಒಬ್ಬರ ಹಿಂದೆ ಮನೆಯವರೆಲ್ಲ ಬಂದು ಇಣುಕುತ್ತಿದ್ದರು. ಎಲ್ಲರೂ ಒಂದೇ ಹೊತ್ತಿಗೆ ಬಿಡುವು ಮಾಡಿಕೊಳ್ಳಬೇಕು ಅನ್ನುವುದೇ ನಮ್ಮ ಹೆಣ್ಣುಮಕ್ಕಳಿಗೆ ಆಗದ ಮಾತು. ಪಟ್ಟಣದ ಆಫೀಸಿನವರ ಜೊತೆ ಮಾತಾಡಬೇಕಿದ್ದರೆ ವಿಡಿಯೋ ನಡೆಯುತ್ತದೆ. ನನಗೆ ನಡೆಯಲಿಲ್ಲ.

ಆಮೇಲೆ ವಾಟ್ಸಾಪ್ ಗ್ರೂಪ್. ಎಂಟು ಜನ, ಹತ್ತು ದಿನ, ದಿನಕ್ಕೆ ಒಂದೇ ಪ್ರಶ್ನೆ. ಪ್ರಶ್ನೆಯನ್ನು ನಾನೇ ಮಾತಿನಲ್ಲಿ ಹೇಳಿ ಕಳಿಸುತ್ತೇನೆ, ಟೈಪ್ ಮಾಡುವುದಿಲ್ಲ. ಓದಲು ಕಷ್ಟಪಡುವವರು ಇರುತ್ತಾರೆ. ಓದಲು ಬರುವವರಿಗೂ ಟೈಪ್ ಮಾಡಿದ ಪ್ರಶ್ನೆ ನೋಡಿದರೆ ಪರೀಕ್ಷೆಯ ನೆನಪಾಗುತ್ತದೆ, ಪುಸ್ತಕದ ಭಾಷೆಯಲ್ಲಿ ಉತ್ತರ ಬರುತ್ತದೆ. ನಾನು "ನಿನ್ನೆ ಮನಿ ಬಿಟ್ಟು ಎಲ್ಲೆಲ್ಲಿ ಹೋಗಿದ್ರಿ?" ಅಂತ ಕೇಳಿದರೆ ಅವರೂ ಹಾಗೇ ಮಾತಾಡುತ್ತಾರೆ. ಅವರವರ ಬಿಡುವಿನಲ್ಲಿ ಉತ್ತರ ಬರುತ್ತದೆ. ರೊಟ್ಟಿ ಬಡಿಯುತ್ತಾ ಒಬ್ಬರು, ಮಗುವನ್ನು ಮಲಗಿಸಿ ಒಬ್ಬರು.

2024ರಲ್ಲಿ ಮಾಡಿದ ಗ್ರೂಪ್ ಶಕ್ತಿ ಯೋಜನೆಯ ಬಗ್ಗೆ ಇತ್ತು. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ ಅನ್ನುವುದು ನಿಮಗೆಲ್ಲ ಗೊತ್ತೇ ಇದೆ. ನನಗೆ ಬೇಕಿದ್ದದ್ದು, ದುಡ್ಡು ಉಳಿದ ಮೇಲೆ ಮನೆಯಲ್ಲಿ ಏನು ಬದಲಾಯಿತು ಅಂತ. ಒಂದು ದಿನ "ಹೊರಗ ಹೋಗುವಾಗ ಚೀಲದಾಗ ಏನೇನ್ ಇರ್ತದ, ಒಂದ್ ಫೋಟೋ ಕಳಸ್ರಿ" ಅಂದೆ. ಬಂದ ಫೋಟೋಗಳಲ್ಲಿ ಒಂದನ್ನು ನಾನು ಮರೆಯುವುದೇ ಇಲ್ಲ. ಚಾಪೆಯ ಮೇಲೆ ಎಲೆ ಅಡಿಕೆ ಚೀಲ, ಮಗನ ಔಷಧಿ ಚೀಟಿ, 20 ರೂಪಾಯಿಯ ಒಂದು ನೋಟು. ಪಕ್ಕದಲ್ಲಿ ಲ್ಯಾಮಿನೇಟ್ ಮಾಡಿಸಿದ ಆಧಾರ್. ಅದರ ಮೂಲೆಗೆ ತೂತು ಹಾಕಿ, ಪಿನ್ನಿನಿಂದ ಚೀಲದ ಒಳಗಡೆ ಸಿಕ್ಕಿಸಿದ್ದರು. ಕಳೆದುಹೋಗಬಾರದು ಅಂತ. ಆ ಪಿನ್ನು ಹೇಳುವುದನ್ನು ನಾನು ಎರಡು ಪುಟ ಬರೆದರೂ ಹೇಳಲಾರೆ. (ಹನ್ನೆರಡು ಅಂಕಿಯೂ ಕಾಣುತ್ತಿತ್ತು. ಕೂಡಲೇ ಫೋನ್ ಮಾಡಿ ಅಳಿಸಲು ಹೇಳಿ, ನಂಬರಿನ ಮೇಲೆ ಬೆರಳಿಟ್ಟು ಮತ್ತೆ ತೆಗೆಸಿದೆ. ಫೋಟೋ ಕೇಳುವ ಮೊದಲೇ ಇದನ್ನು ಹೇಳಿಬಿಡಿ.)

ಈಗ ನನ್ನ ರಾತ್ರಿಯ ಕೆಲಸ. ಊಟ ಆಗಿ, ಪಾತ್ರೆ ತೊಳೆದು, ಒಂಬತ್ತೂಮುಕ್ಕಾಲಿಗೆ ಕೂರುತ್ತೇನೆ. ಒಂದು ಲೋಟ ಜೀರಿಗೆ ಕಷಾಯ, ಕಿವಿಗೆ ಹೆಡ್‌ಫೋನ್, ರೂಲ್ ಇಲ್ಲದ ನೋಟ್‌ಬುಕ್. ಗ್ರೂಪ್ ತೆರೆದು, ಮೂರು ಚುಕ್ಕಿ ಒತ್ತಿ, ಎಕ್ಸ್‌ಪೋರ್ಟ್ ಚಾಟ್. ಪಿಟಿಟಿ ಅಂತ ಶುರುವಾಗುವ ಹೆಸರಿನ ಸಣ್ಣ ಸಣ್ಣ ಓಪಸ್ ಆಡಿಯೋ ಫೈಲುಗಳು ಲ್ಯಾಪ್‌ಟಾಪಿಗೆ ಬಂದು ಕೂರುತ್ತವೆ. ಒಂದೊಂದನ್ನೂ ಮೂರು ಸಲ ಕೇಳುತ್ತೇನೆ. ಮೊದಲ ಸಲ ಸುಮ್ನೆ. ಎರಡನೇ ಸಲ ಬರೆದುಕೊಳ್ಳುತ್ತಾ. ಮೂರನೇ ಸಲ ಹಿಂದಿನ ಸದ್ದಿಗಾಗಿ: ಕುಕ್ಕರ್ ಸೀಟಿ, ಆಕಳು, ಟಿವಿ, ಇನ್ನೊಬ್ಬರು ಕೋಣೆಗೆ ಬಂದಾಗ ತಗ್ಗುವ ದನಿ. ಒಂದೂವರೆ ಪಟ್ಟು, ಎರಡು ಪಟ್ಟು ವೇಗದಲ್ಲಿ ಕೇಳುವ ಅನುಕೂಲ 2021ರಿಂದ ಇದೆ. ನಾನು ಒಂದು ಸಲವೂ ಬಳಸಿಲ್ಲ. ವೇಗ ಹೆಚ್ಚಿಸಿದರೆ ಮೊದಲು ಹೋಗುವುದೇ ಮಾತಿನ ನಡುವಿನ ಮೌನ, ಅಲ್ವಾ? ಮಾತನ್ನು ಕನ್ನಡ ಅಕ್ಷರ ಮಾಡುವ ಸೌಲಭ್ಯವನ್ನೂ ನೋಡಿದ್ದೇನೆ. "ಹೊಂಟೇನ್ರಿ" ಅಂದದ್ದು ಬೇರೆ ಏನೋ ಆಗಿ ಕೂರುತ್ತದೆ. ಕೈಬರಹವೇ ಸರಿ.

ಖರ್ಚಿನ ಮಾತು. ಹಾಲ್‌ನಲ್ಲಿ ಚರ್ಚೆ ಇಟ್ಟರೆ ಬಾಡಿಗೆ, ಚಹಾ, ಉಪ್ಪಿಟ್ಟು, ಎಂಟು ಜನರ ಒಂದು ದಿನದ ಕೂಲಿ, ನನ್ನ ಓಡಾಟ ಎಲ್ಲ ಸೇರಿ ಎಂಟು ಸಾವಿರಕ್ಕೆ ಕಡಿಮೆ ಆಗಲ್ಲ. ಸಿಗುವುದು ಎರಡು ತಾಸಿನ ಮಾತು. ಇಲ್ಲಿ ಒಬ್ಬೊಬ್ಬರಿಗೆ ರೀಚಾರ್ಜ್ ಮತ್ತು ಅವರ ಸಮಯಕ್ಕೆ ಸೇರಿಸಿ 700 ಕೊಡುತ್ತೇನೆ. ಅಷ್ಟು ಕೊಟ್ಟರೂ ಅಗ್ಗವೇ. ದುಡ್ಡಿಗಿಂತ ದೊಡ್ಡ ಲಾಭ ಬೇರೆ ಇದೆ. ಹಾಲ್‌ನಲ್ಲಿ ಸಂಘದ ಅಧ್ಯಕ್ಷೆ ಮೊದಲು ಮಾತಾಡುತ್ತಾರೆ, ಉಳಿದವರು "ಅಕ್ಕಾರ ಹೇಳಿದ್ದ ಖರೆ" ಅಂತ ಮುಗಿಸುತ್ತಾರೆ. ಇಲ್ಲಿ ಅಂಥವರೇ ಮೂರು ನಿಮಿಷ ಮಾತಾಡುತ್ತಾರೆ. ಗುಂಡಿ ಒತ್ತಿ ಹಿಡಿದುಕೊಂಡಾಗ ಎದುರಿಗೆ ಯಾರೂ ಕೂತಿರುವುದಿಲ್ಲ.

1941ರಲ್ಲಿ ನ್ಯೂಯಾರ್ಕಿನಲ್ಲಿ ಸಮಾಜಶಾಸ್ತ್ರಜ್ಞ ಪಾಲ್ ಲಾಜರ್ಸ್‌ಫೆಲ್ಡ್ ಅವರು ರೇಡಿಯೋ ಕೇಳುಗರ ಕೈಗೆ ಎರಡು ಗುಂಡಿ ಕೊಟ್ಟಿದ್ದರು. ಹಿಡಿಸಿದರೆ ಹಸಿರು, ಹಿಡಿಸದಿದ್ದರೆ ಕೆಂಪು. ಅದನ್ನು ನೋಡಲು ಬಂದ ಇನ್ನೊಬ್ಬ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಅವರಿಗೆ, ಗುಂಡಿ ಒತ್ತಿದ ಮೇಲೆ ಕೇಳುಗರಿಗೆ ಕೇಳಿದ ಪ್ರಶ್ನೆಗಳು ಸಾಲಲಿಲ್ಲ. ಯಾಕೆ ಒತ್ತಿದಿರಿ ಅಂತ ಸರಿಯಾಗಿ ಕೇಳುವ ದಾರಿಯನ್ನು ಅವರು ಕಟ್ಟಿದರು. ಫೋಕಸ್ ಗ್ರೂಪ್ ಬೆಳೆದು ಬಂದದ್ದು ಅಲ್ಲಿಂದ. ಸೋಶಿಯಲ್ ಮೀಡಿಯಾದ ಕಾಮೆಂಟ್ ಓದಿಯೇ ಸಂಶೋಧನೆ ಮಾಡಬಹುದಲ್ಲ ಅಂತ ನನ್ನನ್ನು ಕೇಳುವವರಿದ್ದಾರೆ. ನಾನೂ ಒಂದು ತಿಂಗಳು ಫ್ರೀ ಬಸ್ಸಿನ ರೀಲ್ಸ್, ಅದರ ಕೆಳಗಿನ ಕಾಮೆಂಟ್ ಎಲ್ಲ ಓದಿದೆ. ಗಂಡಸರಿಗೆ ಸೀಟಿಲ್ಲ ಅನ್ನುವ ಜಗಳ ಬೇಕಾದಷ್ಟು ಸಿಗುತ್ತದೆ. ಚೀಲದ ಪಿನ್ನು ಸಿಗುವುದಿಲ್ಲ. ಅಲ್ಲಿರುವುದು ಕೆಂಪು ಹಸಿರು ಗುಂಡಿಯೇ. ಯಾಕೆ ಅಂತ ವಾಪಸ್ ಕೇಳಿದರೆ ಉತ್ತರ ಕೊಡಲು ಆ ಮನುಷ್ಯ ಅಲ್ಲಿ ಇರುವುದಿಲ್ಲ.

ಇಲ್ಲಿಯವರೆಗೆ ಬರೆದದ್ದನ್ನು ನೋಡಿದರೆ ಐದಕ್ಕೆ ಐದು ಸ್ಟಾರ್ ಕೊಡಬೇಕು. 2024ರ ಗ್ರೂಪ್‌ನ ಆರನೇ ರಾತ್ರಿಯವರೆಗೂ ನಾನು ಕೊಡುತ್ತಿದ್ದೆ.

ಆ ರಾತ್ರಿ 10:52ಕ್ಕೆ ಒಬ್ಬರು ಒಂದು ನಿಮಿಷ 48 ಸೆಕೆಂಡಿನ ಮೆಸೇಜ್ ಹಾಕಿದರು. ಯಾವ ಊರಿನವರು ಅಂತ ಹೇಳಲ್ಲ. ಏನು ಹೇಳಿದರು ಅಂತಲೂ ಹೇಳಲ್ಲ. ಅಷ್ಟು ದಿನ ನಾನು ಸುತ್ತಿ ಬಳಸಿ ಕೇಳುತ್ತಿದ್ದುದಕ್ಕೆ ಅದರಲ್ಲಿ ಉತ್ತರ ಇತ್ತು. ಎಕ್ಸ್‌ಪೋರ್ಟ್ ಮಾಡಿಕೊಂಡೆ. ಮೂರು ಸಲ ಕೇಳಿದೆ. ಹನ್ನೊಂದು ಸಾಲು ಬರೆದೆ. ಖುಷಿಯಲ್ಲಿ ನಿದ್ದೆ ಬರಲು ಒಂದು ಗಂಟೆ ಆಯಿತು.

ಬೆಳಗ್ಗೆ ಎದ್ದು ನೋಡಿದರೆ ಆ ಜಾಗದಲ್ಲಿ "ಈ ಸಂದೇಶವನ್ನು ಅಳಿಸಲಾಗಿದೆ" ಅಂತಿತ್ತು.

ಫೋನಿನಲ್ಲಿ ಇಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಇದೆ. ನೋಟ್‌ಬುಕ್‌ನಲ್ಲಿ ಇದೆ. ತನ್ನ ಮಾತು ಹೋಯಿತು ಅಂದುಕೊಂಡು ಅವರು ನೆಮ್ಮದಿಯಾಗಿದ್ದಾರೆ, ಅದು ನನ್ನ ಮೇಜಿನ ಮೇಲೆ ಕೂತಿದೆ. ನಾನು ಅಷ್ಟು ಪ್ರೀತಿಯಿಂದ ಮಾಡುತ್ತಿದ್ದ ರಾತ್ರಿಯ ಕೆಲಸವೇ ಅವರಿಗೆ ಮೋಸ ಮಾಡಿತ್ತು. ವಾಟ್ಸಾಪ್‌ನಲ್ಲಿ ಮಾತಿಗೆ ಬೀಗ ಇದೆ, ನಡುವೆ ಯಾರೂ ಕೇಳಲಾರರು ಅಂತ ನಾನೇ ಅವರಿಗೆ ಮೊದಲ ದಿನ ಹೇಳಿದ್ದೆ. ಆ ಬೀಗ ಇರುವುದು ದಾರಿಯಲ್ಲಿ. ಮಾತು ಬಂದು ಸೇರಿದ ನನ್ನ ಮನೆಯಲ್ಲಿ ಇಲ್ಲ. ಅದನ್ನು ಹೇಳಿರಲಿಲ್ಲ.

ಯಾಕೆ ಅಳಿಸಿದರು ಅಂತ ಫೋನ್ ಮಾಡಿ ಕೇಳಲೇ ಅನ್ನಿಸಿತು. ಆ ಫೋನು ಸಂಜೆಯ ಮೇಲೆ ಯಾರ ಕೈಯಲ್ಲಿ ಇರುತ್ತದೆ ಅನ್ನುವುದು ನನಗೆ ಖಾತ್ರಿ ಇರಲಿಲ್ಲ. ಹಗಲಿನ ಅವರ ಮಾತೇ ಬೇರೆ, ಎಂಟು ಗಂಟೆಯ ಮೇಲಿನ ಮಾತೇ ಬೇರೆ ಅನ್ನುವುದನ್ನು ಮೂರನೇ ದಿನವೇ ಗಮನಿಸಿದ್ದೆ. ಮಾಡಲಿಲ್ಲ. ಕೆಲಸ ಕೊಟ್ಟ ಸಂಸ್ಥೆಯವರು ಒಪ್ಪಿಗೆ ಪತ್ರ ತೋರಿಸಿದರು. "ಹತ್ತು ದಿನದಲ್ಲಿ ಹೇಳಿದ್ದೆಲ್ಲ" ಅಂತ ಅದರಲ್ಲಿ ಇತ್ತು, ಸಹಿಯೂ ಇತ್ತು. ಹೆಸರು ತೆಗೆದು ಬಳಸಿ ಅಂದರು. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂದಕ್ಕೆ ಪಡೆಯಲೂ ಆಗಬೇಕು ಅಂತ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯಲ್ಲಿ ಇದೆ. ಸಂಶೋಧನೆಗೆ ವಿನಾಯಿತಿಯೂ ಅದರಲ್ಲೇ ಇದೆ. ವಿನಾಯಿತಿ ಹಿಡಿದು ವಾದ ಮಾಡಬಹುದಿತ್ತು. ನನಗೆ ಮನಸ್ಸಾಗಲಿಲ್ಲ. ಅಳಿಸಲು ಎರಡು ಮೂರು ಸಲ ಬೆರಳು ಒತ್ತಿದರೆ ಸಾಕು. ಪತ್ರ ಬರೆಯುವುದು, ಕಾರಣ ಕೊಡುವುದು ಯಾವುದೂ ಬೇಡ. ಅವರ ಮಟ್ಟಿಗೆ ಅದೇ "ಬ್ಯಾಡ" ಅಂದ ಹಾಗೆ.

"ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು" ಅಂತ ನಮ್ಮ ಗಾದೆ. ಹಾಲ್‌ನಲ್ಲಿ ಅದು ನಿಜ. ಎಂಟು ಜನ ಕೇಳಿದ ಮಾತನ್ನು ಯಾರೂ ನುಂಗಲಾರರು. ಆದರೆ ಈ ಹೆಣ್ಣುಮಕ್ಕಳ ಕೈಗೆ ಮೊದಲ ಸಲ ಮಾತನ್ನು ವಾಪಸ್ ತಗೊಳ್ಳುವ ಒಂದು ಗುಂಡಿ ಬಂದಿದೆ. ನನ್ನ ಎಕ್ಸ್‌ಪೋರ್ಟ್ ಅದನ್ನು ಕಿತ್ತುಕೊಂಡಿತ್ತು. ಫೈಲ್ ತೆಗೆದೆ, ಬ್ಯಾಕಪ್‌ನಿಂದಲೂ ತೆಗೆದೆ, ಹನ್ನೊಂದು ಸಾಲಿನ ಪುಟ ಹರಿದೆ. ತಲೆಯಲ್ಲಿ ಇದ್ದದ್ದನ್ನು ಏನು ಮಾಡಲಿ? ವರದಿ ಬರೆಯುವಾಗ ಪ್ರತಿ ಪುಟದಲ್ಲೂ, ಇದು ಉಳಿದ ಏಳು ಜನರ ಮಾತಿನಿಂದ ಬಂದದ್ದೋ, ಆ ಮಾತು ಒಳಗಿನಿಂದ ಬರೆಸುತ್ತಿದೆಯೋ ಅಂತ ನನ್ನನ್ನೇ ಕೇಳಿಕೊಂಡೆ. ಒಂದು ಅಧ್ಯಾಯ ಬಿಟ್ಟೆ. ವರದಿ ಸಪ್ಪೆಯಾಯಿತು.

ಈಗ ನನ್ನ ಕ್ರಮ ಬೇರೆ. ದಿನಾ ಎಕ್ಸ್‌ಪೋರ್ಟ್ ಮಾಡುವುದನ್ನು ನಿಲ್ಲಿಸಿದ್ದೇನೆ. ಎಲ್ಲರಿಗೂ ಕಾಣದಂತೆ ಅಳಿಸಲು ವಾಟ್ಸಾಪ್ 2 ದಿನಕ್ಕಿಂತ ಸ್ವಲ್ಪ ಜಾಸ್ತಿ ಸಮಯ ಕೊಡುತ್ತದೆ. ಹಾಗಾಗಿ ಗ್ರೂಪ್ ಮುಗಿದು ಮೂರು ದಿನ ಕಳೆದ ಮೇಲೆ ಒಂದೇ ಸಲ ಎಕ್ಸ್‌ಪೋರ್ಟ್. ಅಲ್ಲಿಯವರೆಗೆ ಕೇಳುತ್ತೇನೆ, ಬರೆಯುವುದಿಲ್ಲ. 2025ರಲ್ಲಿ ಅಡ್ವಾನ್ಸ್ಡ್ ಚಾಟ್ ಪ್ರೈವಸಿ ಅಂತ ಬಂದಿದೆ. ಅದು ಆನ್ ಇದ್ದರೆ ಚಾಟ್ ಎಕ್ಸ್‌ಪೋರ್ಟ್ ಆಗುವುದಿಲ್ಲ. ಹತ್ತು ದಿನವೂ ಆನ್ ಇಡುತ್ತೇನೆ, ನನ್ನ ಕೈಯನ್ನೂ ಕಟ್ಟಿ ಹಾಕಿದ ಹಾಗಾಯಿತು. ಸ್ಕ್ರೀನ್‌ಶಾಟನ್ನು ಅದು ತಡೆಯಲ್ಲ, ಅದನ್ನು ಸೇರುವವರಿಗೆ ಮೊದಲೇ ಹೇಳುತ್ತೇನೆ. ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ ಅಂತಲೂ ಹೇಳುತ್ತೇನೆ. ಕಳೆದ ಸಲ ಇದನ್ನು ಕೇಳಿ ಇಬ್ಬರು "ಹಂಗಾರ ಬ್ಯಾಡ್ರಿ" ಅಂದರು. ಅವರ ಮನೆಗೇ ಹೋಗಿ ಮಾತಾಡಿಸಿಕೊಂಡು ಬಂದೆ.

ಕಷಾಯದ ಲೋಟ ಈಗಲೂ ಇದೆ. ನೋಟ್‌ಬುಕ್ ಮಾತ್ರ ಹದಿಮೂರು ರಾತ್ರಿ ಮುಚ್ಚಿರುತ್ತದೆ. ಅಷ್ಟು ತಡವಾಗಿ ಬರೆಯುವುದರಿಂದ ಸೂಕ್ಷ್ಮಗಳು ಕೈತಪ್ಪುತ್ತವೆ, ನಿಜ. ಅವಸರದ ಕೆಲಸ ಇರುವವರಿಗೆ ಈ ವಿಧಾನ ಆಗಿಬರಲ್ಲ. ಐದರಲ್ಲಿ ಮೂರೂವರೆ ಸ್ಟಾರ್ ಕೊಡುತ್ತೇನೆ. ಕಳೆದ ಒಂದೂವರೆ ನನ್ನಂಥ ಬಳಕೆದಾರರಿಂದ.

2024ರ ಆ ಗ್ರೂಪ್ ಮುಗಿದ ಮೇಲೆ ಎಂಟೂ ಜನರ ಮನೆಗೆ ಹೋಗಿ ಬಂದೆ. ಮಾತು ಅಳಿಸಿದವರ ಮನೆಗೂ ಹೋದೆ. ಹಿತ್ತಲಲ್ಲಿ ಬಟ್ಟೆ ಒಣ ಹಾಕುತ್ತಿದ್ದರು. ಅವರೇ ಕೇಳಿದರು.

"ಅಳಿಸಿದ್ದನ್ನ ಕೇಳಿದ್ರ್ಯಾ ಅಕ್ಕಾರ?"

"ಕೇಳೀನ್ರಿ. ಈಗ ನನ್ನ ಹತ್ರ ಇಲ್ಲ. ತಗದೀನಿ."

ಅವರು ಒಂದು ಸೀರೆ ಝಾಡಿಸಿ ತಂತಿಯ ಮೇಲೆ ಹಾಕಿದರು. ಅಂಚು ಸರಿ ಮಾಡಿದರು.

"ಛಲೋ ಆತು. ಹೇಳಬೇಕು ಅನಿಸಿತ್ರಿ, ಹೇಳಿದೆ. ಇರ್ರಿ, ಚಹಾಕ್ಕ ಇಡ್ತೀನಿ."

ಇಷ್ಟನ್ನು ಬರೆಯಬಹುದಾ ಅಂತ ಮೊನ್ನೆ ಮತ್ತೆ ಕೇಳಿದೆ. ಹೂಂ ಅಂದಿದ್ದಾರೆ.